ಅತ್ತಿಗೆ ಕೊಟ್ಟ ಉತ್ತರ

ಸಂಶೋಧಕಿಯವರಿಗೆ ವಂದನೆಗಳು.

ವಿಶ್ವವಿದ್ಯಾಲಯದ ‘ಎಲ್ಲರ ಕ್ಯಾಂಪಸ್’ ಮೇಳದಲ್ಲಿ ನೀವು ಕಣ್ಣು ಕಾಣದವರ ಓಡಾಟದ ಬಗ್ಗೆ ಸಂದರ್ಶನ ಮಾಡಿದಿರಿ. ಪ್ರಶ್ನೆ ನನ್ನ ಬಗ್ಗೆ ಇದ್ದರೂ ಕೇಳಿದ್ದು ನನ್ನ ಅತ್ತಿಗೆಯನ್ನು.

“ಇವರು ಒಬ್ಬರೇ ಹೊರಗೆ ಹೋಗ್ತಾರಾ?”

“ಎಲ್ಲಿಂದ ಬಂತು? ನಾನಿಲ್ಲದೆ ಹೊಸಿಲು ದಾಟಲ್ಲ ಕಣಮ್ಮ.”

ನೀವು ಹಾಗೇ ಬರೆದುಕೊಂಡಿರಿ. ಆ ಉತ್ತರವನ್ನು ದಯವಿಟ್ಟು ಹೊಡೆದುಹಾಕಿ. ದಿನಾ ಬೆಳಿಗ್ಗೆ ಅತ್ತಿಗೆ ಏಳುವ ಮೊದಲೇ ನಾನು ಕೋಲು ಹಿಡಿದು, ದೊಡ್ಡ ರಸ್ತೆ ದಾಟಿ, ಉದ್ಯಾನ ಸುತ್ತಿ ಬರುತ್ತೇನೆ. ಇದು ಅವರಿಗೆ ಗೊತ್ತಿಲ್ಲ. ಅಣ್ಣ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಬೀಳುವುದು ನನ್ನನ್ನು ಕೈಹಿಡಿದು ನಡೆಸುವುದಕ್ಕೆ ಮಾತ್ರ. ಅದಕ್ಕೇ ಅಂದು ಸುಮ್ಮನಿದ್ದೆ.

ಆದರೆ ನಿಮ್ಮ ಅಧ್ಯಯನ ನೋಡಿ ರಸ್ತೆಗಳಿಗೆ ಶಬ್ದ ಮಾಡುವ ಸಿಗ್ನಲ್ ಹಾಕುತ್ತಾರಂತೆ. ಅಲ್ಲಿ ಸುಳ್ಳು ಬೇಡ. ಸೋಮವಾರ ಬೆಳಿಗ್ಗೆ ನಾನೊಬ್ಬಳೇ ಬಂದು ಉತ್ತರಿಸುತ್ತೇನೆ. ಗೇಟಿಗೆ ಯಾರನ್ನೂ ಕಳಿಸಬೇಡಿ, ಮನೆಗೆ ಫೋನ್ ಮಾಡಲೂಬೇಡಿ.

ಮುಂದಿನ ಮೇಳಕ್ಕೆ ಮಾತ್ರ ಇಬ್ಬರನ್ನೂ ಕರೆಯಿರಿ. ಅತ್ತಿಗೆಯ ಕೈ ಹಿಡಿದುಕೊಂಡೇ ಬರುತ್ತೇನೆ.

ಇಂತು,
ನೀವು ಕೇಳದೆ ಬಿಟ್ಟ ನಾದಿನಿ