ಕೋಟಿನ ಅಳತೆ

ಮಾರ್ಚ್ ಹನ್ನೆರಡು, ಶುಕ್ರವಾರ

ನನ್ನ ಮುದ್ದು ಮಗಳೇ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಪಕ್ಕದ ಕೋಣೆಯಲ್ಲಿರುವ ನಿನ್ನ ಅಪ್ಪನಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದಿದ ಮೇಲೆ ಬೈಯಿ.

ಪ್ರಾರ್ಥನಾಲಯದ ದುರಸ್ತಿ ಮುಗಿಯುತ್ತಾ ಬಂದಿದೆ. ನೀನು ವಿನ್ಯಾಸ ಮಾಡಿಕೊಟ್ಟ ಅಮೃತಶಿಲೆಯ ಬಲಿಪೀಠ, ಜ್ಞಾನಸ್ನಾನದ ತೊಟ್ಟಿ, ಬೈಬಲ್ ಇಟ್ಟು ಓದುವ ಪೀಠ, ಮೂರೂ ಬಂದು ನಿಂತಿವೆ. ಒಂದೇ ಬಂಡೆಯಿಂದ ಕೊಯ್ದದ್ದು ಎಂದು ಯಾರೂ ಹೇಳಬೇಕಾಗಿಲ್ಲ. ಬೂದು ಗೆರೆ ಒಂದರಲ್ಲಿ ನಿಂತು ಇನ್ನೊಂದರಲ್ಲಿ ಮುಂದುವರಿಯುತ್ತದೆ. ಮಗುವಿನ ತಲೆಗೆ ತಾಗದ ಹಾಗೆ ತೊಟ್ಟಿಯ ಅಂಚನ್ನು ದುಂಡಗೆ ಮಾಡಿಸಿದ್ದೀಯಲ್ಲ, ಅದನ್ನು ಸವರಿ ಸವರಿ ನೋಡಿದೆ. ಹೊಟ್ಟೆ ತುಂಬಿತು.

ಓದುವ ಪೀಠದ ವಿಷಯ ನಿನಗೆ ಆಗಲೇ ತಿಳಿದಿದೆ. ಎತ್ತರವಾಯಿತು ಎಂದು ಫಾದರ್ ಫೋನು ಮಾಡಿದಾಗ, ಲೆಕ್ಕ ತಪ್ಪಿದವಳು ನಾನೇ ಎಂದು ಕ್ಷಮೆ ಕೇಳಿದೆಯಂತೆ. ಇನ್ನು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದೆಯಂತೆ. ಅದನ್ನು ಕೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತೆ.

ತಪ್ಪು ನಿನ್ನದಲ್ಲ, ನನ್ನದು.

ಮೂವತ್ತು ವರ್ಷ ಅಲ್ಲಿ ಬೈಬಲ್ ಓದಿದವರು ಅಪ್ಪ, ಪೀಠ ಅವರಿಗೇ ಸರಿಹೊಂದಬೇಕು, ಅವರ ಮೊಣಕೈ ನೆಲದಿಂದ ಎಷ್ಟು ಎತ್ತರವಿದೆ ಅಳೆದು ಕಳಿಸು ಎಂದು ನೀನು ಬರೆದಿದ್ದೆ. ನಾನು ಅಳೆದದ್ದು ಅಪ್ಪನನ್ನಲ್ಲ, ಅವರ ಮದುವೆಯ ಕೋಟನ್ನು. ಆಗೆಲ್ಲ ನನ್ನ ಹಣೆ ಅವರ ಭುಜಕ್ಕೆ ತಾಗುತ್ತಿತ್ತು. ಆ ಎತ್ತರಕ್ಕೆ ಕೋಟನ್ನು ಮೊಳೆಗೆ ತೂಗುಹಾಕಿ, ತೋಳು ಮಡಚಿ, ಟೇಪು ಹಿಡಿದೆ. ಈಗ ನನ್ನ ಹಣೆ ಅವರ ತುಟಿಯ ಮಟ್ಟಕ್ಕೆ ಬರುತ್ತದೆ.

ಅವರ ಮೂಳೆಗೆ ರೋಗ ಹತ್ತಿದೆ, ಮಗಳೇ. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕುಸಿಯುತ್ತಿವೆ. ಒಂದೂವರೆ ವರ್ಷದಿಂದ ನಮಗೆ ಗೊತ್ತು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ನಿಜವಾದ ಅಳತೆ ಕಳಿಸಿದ್ದರೆ ನೀನು ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ಆದರೆ ಆಣೆ ಬರೀ ನೆಪ. ನಾಲ್ಕು ಇಂಚು ಅಪ್ಪ ಕಡಿಮೆಯಾಗಿದ್ದಾರೆ ಎಂದು ಕಾಗದದ ಮೇಲೆ ಬರೆಯಲು ನನಗೇ ಕೈ ಬರಲಿಲ್ಲ.

ಸೋಮವಾರ ಓದಿ ನೋಡಲು ಹೋದೆವು. ಪೀಠದ ಹಿಂದೆ ನಿಂತರು. ಬೆನ್ನು ಬೇರೆ ಬಾಗಿದೆ. ಪುಸ್ತಕ ಗದ್ದದ ತನಕ ಬಂತು. ಕಲ್ಲಿನ ಮೇಸ್ತ್ರಿಯನ್ನು ಕರೆದು, ನೆಲ ಏನಾದ್ರೂ ತಗ್ಗಿದೆಯಾ ನೋಡಪ್ಪ ಅಂದರು. ಅವನು ಪಾಪ, ನಿಜವಾಗಿಯೂ ರಸಮಟ್ಟ ಇಟ್ಟು ನೋಡಿ, ಸರಿಯಾಗೇ ಇದೆ ಸಾರ್ ಅಂದ. ಹಾಗಾದ್ರೆ ನಾನೇ ತಗ್ಗಿರಬೇಕು ಅಂದರು. ಫಾದರ್ ಮೆತ್ತಗೆ, ಕಾಲಡಿಗೆ ಒಂದು ಮಣೆ ಇಡಿಸೋಣವೇ ಎಂದದ್ದಕ್ಕೆ, ಮಣೆ ಹತ್ತಿ ಓದೋಕೆ ನಾನೇನು ಶಾಲೆ ಹುಡುಗನಾ ಎಂದು ರೇಗಿದರು. ಕೊನೆಗೆ ಮೇಸ್ತ್ರಿಯೇ ಪೀಠವನ್ನು ಬುಡದಲ್ಲಿ ನಾಲ್ಕು ಇಂಚು ಕೊಯ್ದ. ನಿನ್ನ ಬೂದು ಗೆರೆ ಅಲ್ಲಿ ತುಂಡಾಗಿದೆ. ಕ್ಷಮಿಸು.

ಇನ್ನು ಹದಿನಾರು ದಿನಕ್ಕೆ, ಭಾನುವಾರ, ಪ್ರಾರ್ಥನಾಲಯದ ಬಾಗಿಲು ತೆರೆಯುತ್ತಾರೆ. ಮೊದಲು ಓದುವುದು ಅಪ್ಪನೇ. ಡಾಕ್ಟರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಹೇಳತೊಡಗಿದ್ದಾರೆ. ಬಂದುಬಿಡು. ನಾನು ಹೇಳಿಬಿಟ್ಟೆನೆಂದು ಮುಖದಲ್ಲಿ ಮಾತ್ರ ತೋರಿಸಬೇಡ.

ಸುಳ್ಳು ಅಳತೆ ಕಳಿಸಿದ,
ನಿನ್ನ ಅಮ್ಮ

ಮರೆತದ್ದು: ಕೊಯ್ದ ತುಂಡನ್ನು ಎಸೆಯಲು ಅಪ್ಪ ಬಿಡಲಿಲ್ಲ. ಇಬ್ಬರಿಂದ ಹೊರಿಸಿ ತಂದು, ಮಂಚದ ಪಕ್ಕ ಗೋಡೆಗೆ ಒರಗಿಸಿ, ಮೇಲೆ ಟವೆಲು ಹೊದಿಸಿದ್ದರು. ಈ ಬೆಳಿಗ್ಗೆ ಧೂಳು ಒರೆಸಲು ಟವೆಲು ಎತ್ತಿದೆ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ತಮ್ಮ ಹೆಸರು, ಹುಟ್ಟಿದ ವರ್ಷ, ಪಕ್ಕದಲ್ಲೊಂದು ಅಡ್ಡಗೆರೆ ಬರೆದು, ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದಾರೆ. ಅದರ ಕೆಳಗೆ ಸಣ್ಣಗೆ: ಮಗಳೇ, ಅಕ್ಷರ ನೀನೇ ಬರೆದುಕೊಡು. ಅಳತೆ ಮಾತ್ರ ಅಮ್ಮನನ್ನು ಕೇಳಬೇಡ.