ಬೆಳ್ಳಗಾದ ಸ್ಪಂಜುಗಳು

ಸೋಮವಾರ, ಬೆಳಿಗ್ಗೆ ಆರು ಗಂಟೆ

ಪುಟ್ಟೀ,

ಒಂದೇ ಸೂರಿನಡಿ ಇದ್ದುಕೊಂಡು ಅಮ್ಮ ಮಗಳಿಗೆ ಕಾಗದ ಬರೆಯುವುದು ನಗೆಪಾಟಲಿನ ವಿಷಯವೇ. ಆದರೆ ಬುಧವಾರದಿಂದ ನಾವಿಬ್ಬರೂ ಉಪ್ಪು, ಸೋಪು ಬಿಟ್ಟು ಬೇರೆ ಮಾತಾಡಿಲ್ಲ. ಎರಡು ಸಲ ನಿನ್ನ ಕೋಣೆಯ ಬಾಗಿಲ ತನಕ ಬಂದು, ಮಡಚಿದ ಬಟ್ಟೆ ಕೊಟ್ಟು ಹಾಗೇ ಹಿಂದಿರುಗಿದೆ. ನೀನು ತೊಟ್ಟಿಗಳ ನೀರಿನ ಪರೀಕ್ಷೆ ಮುಗಿಸಿ ಎಂಟಕ್ಕೆ ಬರುತ್ತೀಯ. ಹನ್ನೊಂದಕ್ಕೆ ನಿಮ್ಮ ಮೀನು ಕೇಂದ್ರದ ನಿರ್ದೇಶಕರ ಕೋಣೆಯಲ್ಲಿ ವಿಚಾರಣೆ. ಅಲ್ಲಿ ನೀನು ನಿನ್ನ ವರದಿಗೆ ಸಹಿ ಹಾಕಿದರೆ ನಿನ್ನ ಸಹಾಯಕ ಬಕೆಟ್ ಅಣ್ಣನ ಕೆಲಸ ಹೋಯಿತು ಎಂದೇ ಲೆಕ್ಕ. ಅದಕ್ಕೆ ಮೊದಲು ಇದನ್ನು ಓದು.

ಮೀನಿನ ಮರಿಗಳನ್ನು ಕೊಂದದ್ದು ಅವನಲ್ಲ, ನಾನು.

ನಿನ್ನೆಯ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ ನೀನು ಬೇರೆ ಊರಿನ ಸಭೆಗೆ ಹೊರಟಾಗ ಬಕೆಟ್ ಅಣ್ಣನಿಗೂ ರಜೆಯಿತ್ತು. ನೀನು ಮರಿಕೋಣೆಯ ಕೀಲಿಕೈಯನ್ನು ನನ್ನ ಕೈಗಿಟ್ಟು, "ಒಂದೊಂದು ಚಿಟಿಕೆ ಆಹಾರ ಉದುರಿಸಿ ಬಂದ್ಬಿಡಮ್ಮ, ಬೇರೆ ಏನೂ ಮುಟ್ಟಬೇಡ" ಎಂದಿದ್ದೆ. ನಾನು ಮುಟ್ಟಿದೆ. ಮೂರು ತೊಟ್ಟಿಗಳ ಪಕ್ಕದಲ್ಲೂ ನೀರು ಸೋಸುವ ಒಂದೊಂದು ಪೆಟ್ಟಿಗೆ, ಅದರೊಳಗೆ ಸ್ಪಂಜು. ಮುಚ್ಚಳ ತೆಗೆದು ನೋಡಿದರೆ ಕಂದು ಬಣ್ಣದ ಲೋಳೆ ಮೆತ್ತಿಕೊಂಡು ಸ್ಪಂಜು ಯಾವುದು, ಕೊಚ್ಚೆ ಯಾವುದು ತಿಳಿಯುತ್ತಿರಲಿಲ್ಲ. ಐದು ವರ್ಷದಿಂದ ನೀನು ಹಗಲಿರುಳು ಸಾಕಿದ ಮೀನು, ನದಿಯಲ್ಲಿ ಒಂದೂ ಉಳಿದಿಲ್ಲದ ಜಾತಿ, ಈ ಹೊಲಸು ಸೋಸಿದ ನೀರಿನಲ್ಲಿ ಈಜಬೇಕೇ ಅನ್ನಿಸಿತು. ನನ್ನ ಮಗಳಿಗೆ ಪುರುಸೊತ್ತಿಲ್ಲ, ಬಕೆಟ್ ಅಣ್ಣ ಮೈಗಳ್ಳ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು ನಾನು. ಕ್ರಿಮಿ ಕೊಂದೇ ಸಂಬಳ ತಿಂದವಳು. ಆ ಸ್ಪಂಜುಗಳನ್ನೆಲ್ಲ ಬುಟ್ಟಿಯಲ್ಲಿ ಮನೆಗೆ ತಂದು, ಬ್ಲೀಚ್ ಹಾಕಿ ನೆನೆಸಿ, ಉಜ್ಜಿ, ವಾಸನೆ ಪೂರ್ತಿ ಹೋಗುವವರೆಗೆ ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಹಾಲಿನ ಹಾಗೆ ಬೆಳ್ಳಗಾದವು. ವಾಪಸ್ ಜೋಡಿಸಿಟ್ಟು ಬಂದಾಗ ಎಷ್ಟು ಖುಷಿಯಾಗಿದ್ದೆ ಗೊತ್ತೇ? ನೀನು ಬಂದು ನೋಡಿ ಬೆರಗಾಗಲಿ ಎಂದು ಯಾರಿಗೂ ಹೇಳಲಿಲ್ಲ.

ಮಾಡಿದ್ದೇನೆಂದು ನನಗೆ ತಿಳಿದದ್ದು ಗುರುವಾರ. ಶಾಲಾ ಮಕ್ಕಳಿಗೆಂದು ನೀನು ಬರೆದ ಪುಸ್ತಿಕೆ ಕಪಾಟಿನಲ್ಲಿತ್ತಲ್ಲ, ಸುತ್ತ ಬಾಣದ ಗುರುತು ಹಾಕಿದ್ದು, ಅದನ್ನು ನಾಲ್ಕು ಸಲ ಓದಿದೆ. ನನಗೆ ಅರ್ಥವಾದದ್ದು ಇಷ್ಟು. ಮೀನಿನ ಹೇಲು ಉಚ್ಚೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ಮೀನಿಗೇ ವಿಷ. ಆ ವಿಷವನ್ನೇ ತಿಂದು ಬದುಕುವ ಒಂದು ಬಗೆಯ ಸೂಕ್ಷ್ಮಜೀವಿ ಇದೆ. ಅದು ಬಿಟ್ಟದ್ದೂ ವಿಷವೇ, ಅದನ್ನು ತಿನ್ನಲು ಇನ್ನೊಂದು ಬಗೆ. ಆ ಎರಡನೆಯದು ಬಿಟ್ಟದ್ದು ಮಾತ್ರ ಅಷ್ಟು ಕೆಟ್ಟದ್ದಲ್ಲ, ನೀರಿನ ಗಿಡಗಳಿಗೆ ಅದೇ ಗೊಬ್ಬರ. ಒಬ್ಬರ ಕಸ ಇನ್ನೊಬ್ಬರ ಊಟ. ಅವುಗಳ ಮನೆಯೇ ಆ ಕಂದು ಲೋಳೆ. ನಾನು ಮನೆಯನ್ನಲ್ಲ, ಊರನ್ನೇ ತೊಳೆದು ಹಾಕಿದ್ದೆ. ಅದು ಮತ್ತೆ ನೆಲೆಯೂರಲು ಒಂದೂವರೆ ತಿಂಗಳು ಬೇಕು ಎಂದು ನೀನೇ ಬರೆದಿದ್ದೀಯ. ಮರಿಗಳಿಗೆ ಅಷ್ಟು ದಿನ ಎಲ್ಲಿತ್ತು?

ಇಷ್ಟೇ ಆಗಿದ್ದರೆ ಅರಿಯದೆ ಮಾಡಿದ ತಪ್ಪು ಎಂದು ನಿನ್ನ ಕಾಲು ಹಿಡಿದು ಅತ್ತು ಮುಗಿಸುತ್ತಿದ್ದೆ. ಇನ್ನೂ ಇದೆ.

ನಾನು ತೊಳೆದ ಮರುದಿನ, ಸೋಮವಾರ, ಮರಿಗಳು ಚೆನ್ನಾಗಿಯೇ ತಿಂದವಂತೆ. ಮಂಗಳವಾರ ಮಧ್ಯಾಹ್ನ ಬಕೆಟ್ ಅಣ್ಣ ಮನೆ ಬಾಗಿಲಿಗೆ ಬಂದ. ಅಷ್ಟು ದೊಡ್ಡ ಆಳು, ಬೆವರು ಸುರಿಸಿಕೊಂಡು ಏದುಸಿರು ಬಿಡುತ್ತಿದ್ದ. "ಅಮ್ಮಾವ್ರೇ, ಮರಿಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾ ಇವೆ. ಪೆಟ್ಟಿಗೆ ತೆಗೆದು ನೋಡಿದ್ರೆ ಸ್ಪಂಜು ಹೊಸದರ ಥರ ಇದೆ. ಯಾರಾದ್ರೂ ತೊಳೆದ್ರಾ?" ಎಂದು ಕೇಳಿದ. ಅವನ ಮುಖ ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಕೀಲಿಕೈ ಬೇರೆಯವರಿಗೆ ಕೊಡಬಾರದೆಂಬ ನಿಯಮ ನೆನಪಾಯಿತು. "ನನಗೇನಪ್ಪ ಗೊತ್ತು, ನಾನು ಆ ಕಡೆ ಹೋಗೇ ಇಲ್ಲ" ಎಂದುಬಿಟ್ಟೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ, ಪುಟ್ಟೀ. ಅದೇ ನನಗೆ ಹೆದರಿಕೆ.

ಅವನು ನಂಬಿದ. ಅವನೊಬ್ಬನೇ ಮೂರು ತೊಟ್ಟಿಗಳ ಅರ್ಧ ನೀರು ಬದಲಾಯಿಸಿದ. ಮರಿಕೋಣೆಯ ಹಿಂದಿನ ಕೊಳಕ್ಕೆ ಇಳಿದು, ಲೋಳೆ ಹಿಡಿದ ಜಲ್ಲಿಯನ್ನು ಬಕೆಟ್ಟಿಗೆ ತುಂಬಿ ತಂದು ಮೂರನೇ ಪೆಟ್ಟಿಗೆಗೆ ಸುರಿದ. ತಂದದ್ದು ಒಂದಕ್ಕೇ ಸಾಕಾಯಿತು. ಮತ್ತೆ ತರಲು ಹೋದಾಗ ಕಾವಲುಗಾರ ತಡೆದನಂತೆ, ಹೊರಗಿನ ವಸ್ತು ಮರಿಕೋಣೆಗೆ ತರಬಾರದೆಂಬ ನಿಯಮ ತೋರಿಸಿ. ನಾನು ಆಗಲೇ ನಿಜ ಹೇಳಿದ್ದರೆ ಅವನು ಕಾವಲುಗಾರನ ಹತ್ತಿರ ಜಗಳವಾಡಿಯಾದರೂ ಇನ್ನೆರಡು ಬಕೆಟ್ ತರುತ್ತಿದ್ದ. ಬುಧವಾರ ನೀನು ಬರುವಷ್ಟರಲ್ಲಿ ಎರಡು ತೊಟ್ಟಿಗಳ ಮರಿಗಳೆಲ್ಲ ತೇಲುತ್ತಿದ್ದವು. ನೀನು ಬಲೆಯಲ್ಲಿ ಅವನ್ನು ಎತ್ತುತ್ತಿದ್ದಾಗ ನಾನು ಹೊಸ್ತಿಲಲ್ಲಿ ನಿಂತು ಅಯ್ಯೋ ಎನ್ನುತ್ತಿದ್ದೆ. ಆ ನನ್ನ ದನಿ ನೆನೆಸಿಕೊಂಡರೆ ಈಗ ಅಸಹ್ಯವಾಗುತ್ತದೆ.

ನಿನ್ನ ವರದಿಯನ್ನು ನಾನು ಓದಿದ್ದೇನೆ, ಮೇಜಿನ ಮೇಲಿತ್ತು. ಕೊಳದ ಜಲ್ಲಿಯಿಂದ ಸೋಂಕು ಹರಡಿ ಮರಿಗಳು ಸತ್ತವು ಎಂದು ಬರೆದಿದ್ದೀಯ. ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ಒಂದು ಸಣ್ಣ ಸಂಶಯ. ಸೋಂಕು ಜಲ್ಲಿಯಿಂದ ಬಂದಿದ್ದರೆ ಜಲ್ಲಿ ಹಾಕಿದ ತೊಟ್ಟಿಯದೇ ಮರಿಗಳು ಹೇಗೆ ಬದುಕಿದವು? ಜಲ್ಲಿ ಕಾಣದ ಎರಡು ತೊಟ್ಟಿಗಳು ಯಾಕೆ ಖಾಲಿಯಾದವು?

ಶನಿವಾರ ಅವನ ಹೆಂಡತಿ ಹಾಲಿನಂಗಡಿಯಲ್ಲಿ ಸಿಕ್ಕಿದಳು. ಅವನು ಊಟ ಸರಿಯಾಗಿ ಮಾಡುತ್ತಿಲ್ಲವಂತೆ. "ನಾನೇ ಮರೆವಲ್ಲಿ ಏನಾದ್ರೂ ತೊಳೆದ್ನೇನೋ ಅಂತಾರೆ ಅಕ್ಕಾ, ದಿನಾ ಅದನ್ನೇ ಹೇಳ್ತಾರೆ" ಎಂದಳು. ಅವನ ಕೆಲಸವನ್ನಷ್ಟೇ ಅಲ್ಲ, ತನ್ನ ನೆನಪಿನ ಮೇಲೆ ಅವನಿಗಿದ್ದ ನಂಬಿಕೆಯನ್ನೂ ನಾನು ಕಿತ್ತುಕೊಂಡಿದ್ದೇನೆ.

ಇದೆಲ್ಲವನ್ನೂ ಇನ್ನೊಂದು ಹಾಳೆಯಲ್ಲಿ ಬರೆದು ನಿರ್ದೇಶಕರಿಗೆ ಕೊಡಲು ಹೋಗುತ್ತಿದ್ದೇನೆ. ಮೊದಲು, ಕೀಲಿಕೈಯನ್ನು ನಿನಗೆ ತಿಳಿಯದಂತೆ ನಾನೇ ಎತ್ತಿಕೊಂಡೆ ಎಂದು ಬರೆದಿದ್ದೆ. ಆಮೇಲೆ ಹರಿದು ಹಾಕಿದೆ. ಒಂದು ಸುಳ್ಳಿಗೇ ಇಷ್ಟಾಗಿದೆ. ಕೀಲಿಕೈ ನೀನು ಕೊಟ್ಟದ್ದು ಎಂದೇ ಬರೆದಿದ್ದೇನೆ. ನಿನಗೂ ಛೀಮಾರಿ ಬೀಳಬಹುದು, ಇನ್ನೂ ಹೆಚ್ಚೂ ಆಗಬಹುದು. ಬಯ್ಯುವುದಿದ್ದರೆ ಬಾಯಿತುಂಬ ಬಯ್ಯಿ, ಸುಮ್ಮನೆ ಮಾತ್ರ ಇರಬೇಡ.

ಫ್ಲಾಸ್ಕಿನಲ್ಲಿ ಕಾಫಿ ಇದೆ. ಕುಡಿದು ಬಾ.

ನಿನ್ನ
ಅಮ್ಮ

ಮೇಲೆ ಬರೆಯದೆ ಬಿಟ್ಟದ್ದು: ನಿನಗೇನೂ ಗೊತ್ತಿಲ್ಲ ಎಂಬಂತೆ ಇಷ್ಟೂ ಬರೆದೆ. ಬುಧವಾರ ಮಧ್ಯಾಹ್ನ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ನೀನು ನಲ್ಲಿಯ ಹತ್ತಿರ ನಾನು ಸ್ಪಂಜು ಉಜ್ಜಿದ್ದ ಬ್ರಷ್ ಎತ್ತಿ ಮೂಸಿದೆ, ಅದಕ್ಕೆ ಸಿಕ್ಕಿಕೊಂಡಿದ್ದ ಸ್ಪಂಜಿನ ಚೂರನ್ನು ಬಿಡಿಸಿ ಕೋಟಿನ ಜೇಬಿಗೆ ಹಾಕಿಕೊಂಡೆ. ಜಲ್ಲಿಯ ವಿಷಯ ಬರೆದದ್ದು ಅದಾದ ಮೇಲೆ. ನನ್ನನ್ನು ಉಳಿಸಲು ಎಂದು ನನಗೆ ಗೊತ್ತು, ಮಗಳೇ. ನಿರ್ದೇಶಕರಿಗೆ ಕೊಡುವ ಹಾಳೆಯಲ್ಲಿ ನಿನಗೆ ಗೊತ್ತಿತ್ತು ಎಂಬ ಇದೊಂದನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ನಿನ್ನೆ ಕೋಟು ಒಗೆಯುವಾಗ ಆ ಚೂರು ಸಿಕ್ಕಿತು. ಕೋಟು ಒಣಗಿದ ಮೇಲೆ ಅದನ್ನು ಅದೇ ಜೇಬಿನಲ್ಲಿ ಇಟ್ಟಿದ್ದೇನೆ. ಅದನ್ನು ಅವರ ಮುಂದೆ ತೆಗೆಯುವುದೋ ಬಿಡುವುದೋ ನಿನಗೆ ಸೇರಿದ್ದು. ಹನ್ನೊಂದಕ್ಕೆ ಬರುವಾಗ ಆ ಕೋಟು ಹಾಕಿಕೊಂಡು ಬಾ.