ಒರೆಸಿಹಾಕಿದ ಆರು ಚುಕ್ಕೆ

ವೆಟ್ಜ್ಲರ್, ನವೆಂಬರ್ 9, ಶನಿವಾರ

ಲೆನ್ಸಿನ ಹಿಂಬದಿಯ ಆರು ಚುಕ್ಕೆ ಓದಿ ಕ್ಯಾಮೆರಾ ಅದರ ಹೆಸರನ್ನು ಚಿತ್ರದ ಫೈಲಿನೊಳಗೆ ಬರೆದಿಡುತ್ತದೆ, ಚಿತ್ರದ ಅಂಚಿಗೆ ಹತ್ತುವ ಕೆಂಪು ಛಾಯೆಯನ್ನೂ ತಿದ್ದುತ್ತದೆ. ನನ್ನ ಎರಡು ಹಳೆಯ ಲೆನ್ಸುಗಳಿಗೆ ಗೆಳೆಯ ಗೆರ್ನೋಟ್ ಮಾರ್ಕರಿನಲ್ಲಿ ಚುಕ್ಕೆ ಇಟ್ಟುಕೊಟ್ಟಿದ್ದ. ನಾನೇ ಒರೆಸಿಹಾಕಿದೆ. “ತೆಗೆಯೋದು ಹಸಿ ರಾ ಫೈಲು ಮಾರಾಯ, ಕೆಂಪನ್ನ ಆಮೇಲೆ ಕಂಪ್ಯೂಟರಲ್ಲಿ ತಿದ್ಕೋತೀನಿ” ಎಂದು ಆಡಿಕೊಂಡಿದ್ದೆ.

ಇಂದು ಕ್ಯಾಮೆರಾ ಸಂತೆಯಲ್ಲಿ ಒಂದು ಲೆನ್ಸನ್ನು ಯಾರಿಗೋ ಕೊಟ್ಟುಬಿಟ್ಟೆ. ಗೆರ್ನೋಟ್ ಕಾಫಿ ಕಲಕುತ್ತಾ ಕೇಳಿದ: “ನಿಮ್ಮಮ್ಮನ ಕೊನೇ ಫೋಟೋ ತೆಗ್ದಿದ್ದು ಯಾವುದ್ರಲ್ಲೋ? ಅದನ್ನೇ ಕೊಟ್ಬಿಟ್ಯಾ?”

ಮನೆಗೆ ಬಂದವನೇ ಆ ಫೋಟೋದ ಫೈಲು ತೆರೆದೆ. ಕಿಟಕಿ ಪಕ್ಕ ಅಮ್ಮ ಸೇಬು ಸುಲಿಯುತ್ತಿದ್ದಾಳೆ. ಅಂಚಿನಲ್ಲಿ ಕೆಂಪು ಎಳ್ಳಷ್ಟೂ ಇಲ್ಲ, ಹಿಂದೆ ನಾನೇ ತಿದ್ದಿದ್ದೆ. ಲೆನ್ಸಿನ ಹೆಸರಿರಬೇಕಾದಲ್ಲಿ ಬರೀ ಗೆರೆ. ತಿದ್ದಿದ್ದನ್ನೆಲ್ಲ ಮೂರು ಸಲ ಅಳಿಸಿ ನೋಡಿದೆ, ಯಾವ ಲೆನ್ಸಿನದೆಂದು ಗುರುತು ಹತ್ತಲಿಲ್ಲ.

ಉಳಿದ ಲೆನ್ಸು ಮೇಜಿನ ಮೇಲಿದೆ. ಅದು ಅಮ್ಮನನ್ನು ಕಂಡಿದೆಯೋ ಇಲ್ಲವೋ, ಇನ್ನು ಯಾರನ್ನು ಕೇಳಲಿ?